ಹಿಂದಿನ ಬೆಂಚಿಗೂ ಕೇಳಿಸುವಂತೆ

ಬೆಳಗಿನ ಐದೂವರೆ. ಆಲ್ದೂರಿನಿಂದ ಒಂಬತ್ತು ಕಿಲೋಮೀಟರ್ ಒಳಗಿರುವ ಮೇಲ್ಕೊಪ್ಪಲು ಎಸ್ಟೇಟಿನಲ್ಲಿ ಸಿಲ್ವರ್ ಓಕ್ ಮರಗಳ ಮೇಲಿನ ಮಂಜು ಇನ್ನೂ ಅಲುಗಿಲ್ಲ. ಸಂತ ಅನ್ನಮ್ಮನವರ ಪುಟ್ಟ ದೇವಾಲಯದ ಮುಂದೆ ಅರವತ್ತೆಂಟು ವರ್ಷದ ಚೌರಮ್ಮ ಬೀಗ ತೆಗೆದು, ಎಡಗೈಯಿಂದ ಬಾಗಿಲನ್ನು ತುಸು ಮೇಲಕ್ಕೆತ್ತಿ, ಬಲ ಮೊಣಕಾಲಿನಿಂದ ಒಮ್ಮೆ ನೂಕುತ್ತಾರೆ. ಹಿಗ್ಗಿದ ಆ ಬಾಗಿಲು ತೆರೆಯುವುದು ಇದೊಂದೇ ಉಪಾಯಕ್ಕೆ. ಒಳಗೆ ಹೋದವರೇ ಬಲಿಪೀಠದ ಎದುರು ಮಂಡಿಯೂರಿ ಎದ್ದು, ಸೆರಗು ಸಿಕ್ಕಿಸಿ, ಪೊರಕೆ ಹಿಡಿಯುತ್ತಾರೆ.

"ನಮಸ್ಕಾರ ಮೊದ್ಲು, ಬಾವಲಿ ಹಿಕ್ಕೆ ಆಮೇಲೆ. ಬಾವಲಿ ರಾತ್ರಿಯಿಡೀ ಇಲ್ಲೇ ಇರ್ತದೆ, ಭಕ್ತಿ ನನಗಿಂತ ಅದಕ್ಕೇ ಜಾಸ್ತಿ" ಎಂದು ನಗುತ್ತಾರೆ.

ಗುಡಿಸಿ ಒರೆಸಿದ ಮೇಲೆ ನಿಜವಾದ ಕೆಲಸ. ಕಪಾಟಿನಿಂದ ದಪ್ಪ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಓದುಪೀಠದ ಮೇಲಿಡುತ್ತಾರೆ. ಅದರೊಳಗೆ ಏಳು ಬಣ್ಣದ ಏಳು ರಿಬ್ಬನ್ನುಗಳು. ಇಂದಿನ ಮೊದಲ ವಾಚನಕ್ಕೆ ಕೆಂಪು, ಕೀರ್ತನೆಗೆ ಹಳದಿ, ಎರಡನೆಯ ವಾಚನಕ್ಕೆ ಹಸಿರು, ಶುಭಸಂದೇಶಕ್ಕೆ ಬಿಳಿ. ಉಳಿದ ಮೂರು ಮುಂದಿನ ಭಾನುವಾರಕ್ಕೆ ಮೀಸಲು. ಆಮೇಲೆ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗ್ರಂಥದ ಹೆಸರು, ಅಧ್ಯಾಯ, ವಚನಗಳ ಸಂಖ್ಯೆ ಬರೆಯುತ್ತಾರೆ. ಇಂದು ಮೂರು ರಾಯರ ಹಬ್ಬ, ದೇವಶಿಶುವನ್ನು ಕಾಣಲು ಮೂವರು ಜ್ಞಾನಿಗಳು ಮೂಡಣದಿಂದ ಬಂದದ್ದರ ನೆನಪು. ಹಲಗೆಯ ಮೊದಲ ಸಾಲು: ಯೆಶಾಯ 60:1-6.

ಆ ಸಾಲಿನ ಮುಂದೆ ಓದುವವರ ಹೆಸರನ್ನೂ ಬರೆಯಬೇಕು. ಚೌರಮ್ಮ ಒಂದು ಕ್ಷಣ ನಿಂತು, ಸೀಮೆಸುಣ್ಣವನ್ನು ಬೆರಳಲ್ಲಿ ಹೊರಳಿಸಿ, ನಿಧಾನವಾಗಿ ಬರೆಯುತ್ತಾರೆ: ಬಿಬಿಯಾನಾ ಟೊಪ್ಪೊ. ಈ ಹಲಗೆಯ ಮೇಲೆ ಆ ಹೆಸರು ಬೀಳುತ್ತಿರುವುದು ಇದೇ ಮೊದಲು. ಜಾರ್ಖಂಡಿನಿಂದ ಕಾಫಿ ಹಣ್ಣು ಕುಯ್ಯಲು ಬಂದಿರುವ ಈ ಹೆಣ್ಣುಮಗಳು ಇನ್ನು ಎರಡು ಗಂಟೆಯಲ್ಲಿ ತನ್ನ ಮನೆಮಾತಾದ ಸಾದ್ರಿಯಲ್ಲಿ ದೇವವಾಕ್ಯ ಓದಲಿದ್ದಾಳೆ. ಓದು ಮುಗಿದಾಗ ಸಭೆ ವಾಡಿಕೆಯಂತೆ "ದೇವರಿಗೆ ಕೃತಜ್ಞತೆ ಸಲ್ಲಲಿ" ಎಂದು ಉತ್ತರ ಕೊಟ್ಟರೆ ಈ ಪದ್ಧತಿ ಮುಂದುವರಿಯುತ್ತದೆ. ಉತ್ತರ ಬಾರದಿದ್ದರೆ ಇವತ್ತಿಗೇ ಮುಗಿಯುತ್ತದೆ. ಆಡಳಿತ ಸಮಿತಿಯ ತೀರ್ಮಾನ ಅದು.

"ನಾನು ಓದೂದಾದ್ರೆ ಹೆದರಿಕೆ ಇರ್ಲಿಲ್ಲ. ಅವಳು ಓದೂದು, ಹೆದರಿಕೆ ನನಗೆ" ಎಂದು ಚೌರಮ್ಮ ಬೆರಳಿನ ಪುಡಿ ಕೊಡವುತ್ತಾರೆ.

ಚೌರಮ್ಮನವರ ಕೆಲಸಕ್ಕೆ ಒಂದು ಹೆಸರಿಲ್ಲ. ಬೀಗದ ಕೈ ಅವರದು, ಗಂಟೆ ಅವರದು, ನಲವತ್ತು ಮೇಣದ ಬತ್ತಿಗಳ ಲೆಕ್ಕ ಅವರದು. ಬಲಿಪೀಠದ ಬಿಳಿಬಟ್ಟೆಗೆ ಗಂಜಿ ಹಾಕಿ ಇಸ್ತ್ರಿ ಮಾಡುವವರು ಅವರು. ಐದು ಎಸ್ಟೇಟುಗಳ ಐದು ದೇವಾಲಯಗಳನ್ನು ಒಬ್ಬರೇ ನೋಡಿಕೊಳ್ಳುವ ಧರ್ಮಗುರು ಫಾದರ್ ವಲೇರಿಯನ್ ಮೇಲ್ಕೊಪ್ಪಲಿಗೆ ಬರುವುದು ತಿಂಗಳಿಗೆ ಎರಡೇ ಭಾನುವಾರ. ಗುರುಗಳಿಲ್ಲದ ಭಾನುವಾರಗಳಲ್ಲಿ ಬಲಿಪೂಜೆಯಿಲ್ಲ. ಆದರೆ ಪ್ರಾರ್ಥನೆಯಿದೆ, ವಾಚನವಿದೆ, ಗಾಯನವಿದೆ. ಅವನ್ನು ನಡೆಸುವವರು ಚೌರಮ್ಮ. ವರ್ಷಕ್ಕೆ ಇಪ್ಪತ್ತಾರು ಭಾನುವಾರ, ಮೂವತ್ತನಾಲ್ಕು ವರ್ಷ. ಎಂಟುನೂರ ಎಂಬತ್ತಕ್ಕೂ ಹೆಚ್ಚು ಬಾರಿ ಈ ಹೆಣ್ಣುಮಗಳು ಓದುಪೀಠದ ಮುಂದೆ ನಿಂತಿದ್ದಾರೆ.

ಹಾಗೆ ನಿಂತದ್ದು ಸುಖದ ಮಾತಲ್ಲ. ಮೂವತ್ತಾರು ವರ್ಷ ಅವರು ಇದೇ ಎಸ್ಟೇಟಿನಲ್ಲಿ ಹಣ್ಣು ಕುಯ್ದಿದ್ದಾರೆ, ಕಳೆ ತೆಗೆದಿದ್ದಾರೆ. ಆರು ದಿನ ತೋಟ, ಏಳನೆಯ ದಿನ ದೇವಾಲಯ. ಗಂಡ ಇನ್ನಾಸಪ್ಪ ತೀರಿಕೊಂಡ ವಾರವೂ ಗಂಟೆ ತಪ್ಪಲಿಲ್ಲ. ಗುಡ್ಡ ಕುಸಿದು ರಸ್ತೆ ಹೋದ ವರ್ಷ ಏಳು ಭಾನುವಾರ ಗುರುಗಳು ಬರಲಾಗದಿದ್ದಾಗ ಏಳೂ ಭಾನುವಾರ ಅವರೇ ನಡೆಸಿದರು. ಈಗ ಕಾಡಾನೆಯ ಕಾಟ. ಕೂಲಿಕಾರರ ಲೈನ್ ಮನೆಯಿಂದ ದೇವಾಲಯಕ್ಕೆ ಏರುವ ಒಂದು ಕಿಲೋಮೀಟರ್ ದಾರಿಯಲ್ಲಿ ಎಷ್ಟೋ ಬೆಳಗ್ಗೆ ಅದು ಅಡ್ಡ ನಿಂತಿರುತ್ತದೆ. "ಆನೆಗೆ ಭಾನುವಾರ ಅಂತ ಗೊತ್ತಾಗೂದಿಲ್ಲ ನೋಡಿ. ಒಂದು ಸಲ ಮುಕ್ಕಾಲು ಗಂಟೆ ಮರದ ಹಿಂದೆ ನಿಂತಿದ್ದೆ. ಜಪಮಾಲೆ ಎರಡು ಸುತ್ತು ಮುಗೀತು. ಅದಕ್ಕೆ ಪುಣ್ಯ ಬರ್ಬೇಕು."

ಇಂಥ ಒಬ್ಬರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ? ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕು. ಹಿಂದೊಮ್ಮೆ ಈ ದೇವಾಲಯದ ಉತ್ಸವಕ್ಕೆ ತೊಂಬತ್ತಾರು ಪುಟಗಳ ಸ್ಮರಣ ಸಂಚಿಕೆ ಬಂತು. ಹೊಳೆಯುವ ಕಾಗದ, ಬಣ್ಣದ ಚಿತ್ರ. ದಾನಿಗಳ ಹೆಸರಿದೆ, ಅವರ ಮಕ್ಕಳ ಹೆಸರಿದೆ, ಶಾಮಿಯಾನ ಹಾಕಿದವರ ಹೆಸರೂ ಇದೆ. ನಲವತ್ತೊಂದನೆಯ ಪುಟದಲ್ಲಿ ಗಣ್ಯರೊಬ್ಬರು ಮಳೆಯಲ್ಲಿ ಶಿಲಾಫಲಕ ತೆರೆಯುತ್ತಿರುವ ಚಿತ್ರ. ಅವರ ತಲೆಯ ಮೇಲೆ ಕೊಡೆ. ಕೊಡೆಯ ಕೆಳಗೆ ಬಳೆ ತೊಟ್ಟ ಒಂದು ಕೈ. ಕೆಳಗೆ ಎಡದಿಂದ ಬಲಕ್ಕೆ ಒಂಬತ್ತು ಜನರ ಹೆಸರು ಅಚ್ಚಾಗಿದೆ. ಆ ಕೈಯ ಹೆಸರಿಲ್ಲ. ಚಿತ್ರದ ಅಂಚಿನಲ್ಲಿ ಮುಖವೂ ಕತ್ತರಿಸಿಹೋಗಿದೆ. ಮೂವತ್ತು ವರ್ಷ ಒಂದು ಊರಿನ ಪ್ರಾರ್ಥನೆಯನ್ನು ಎತ್ತಿ ಹಿಡಿದ ಕೈಯನ್ನು ಕೊಡೆಯ ಹಿಡಿಕೆಯಂತೆ ಕಂಡ ಸಂಪಾದಕರಿಗೆ ಯಾವ ಪಾಠಶಾಲೆಯಲ್ಲಿ ಮತ್ತೆ ಅಕ್ಷರ ಹೇಳಿಸಬೇಕು?

ಚೌರಮ್ಮ ಮಾತ್ರ ಆ ಪುಟ ತೆರೆದು ತೋರಿಸುವಾಗ ಸಂತೋಷವಾಗಿಯೇ ಇರುತ್ತಾರೆ. "ಕೊಡೆ ಚೆಂದ ಬಂದದೆ ಅಲ್ವಾ? ಅದು ನಮ್ಮನೇದು."

ಅವರು ಈ ಓದುಪೀಠಕ್ಕೆ ಬಂದ ಕಥೆಯನ್ನು ತಿಳಿಯಬೇಕಾದರೆ ಅವರ ತಂದೆ ರಾಯಪ್ಪನವರಿಂದ ಶುರುಮಾಡಬೇಕು. ರಾಯಪ್ಪ ಈ ದೇವಾಲಯದ ಉಪದೇಶಿ. ಆಗ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಬಲಿಪೀಠ ಗೋಡೆಗೆ ಒತ್ತಿಕೊಂಡಿತ್ತು. ಗುರುಗಳು ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಗುರುಗಳ ಮಾತಿಗೆ ಲ್ಯಾಟಿನ್‌ನಲ್ಲೇ ಉತ್ತರ ಕೊಡಬಲ್ಲವರು ಇಡೀ ಎಸ್ಟೇಟಿನಲ್ಲಿ ರಾಯಪ್ಪ ಒಬ್ಬರೇ. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಯಾರೋ ಹೇಳಿಕೊಟ್ಟದ್ದನ್ನು ನಲವತ್ತು ಹಾಳೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಬಾಯಿಪಾಠ ಮಾಡಿದ್ದರು. ಆ ನೋಟ್‌ಬುಕ್ಕು ಇಂದಿಗೂ ಚೌರಮ್ಮನ ಟ್ರಂಕಿನಲ್ಲಿದೆ. ಮೊದಲ ಪುಟದಲ್ಲಿ ದುಂಡಗಿನ ಅಕ್ಷರದಲ್ಲಿ: "ಎತ್ ಕುಂ ಸ್ಪೀರಿತು ತುವೊ."

"ಅಪ್ಪ ಅದನ್ನು ಹೇಳುವಾಗ ನನಗೆ ಭಾರೀ ಹೆಮ್ಮೆ. ಒಂದು ಸಲ ಕೇಳಿದೆ, ಅಪ್ಪಾ ಇದಕ್ಕೆ ಎಂತ ಅರ್ಥ ಅಂತ. ಅವ್ರು ಹೇಳಿದ್ರು, ದೇವರಿಗೆ ಗೊತ್ತುಂಟು ಮಗಾ, ನಮಗೆಂತಕ್ಕೆ? ಉಳಿದವರೆಲ್ಲ ಅಷ್ಟು ಹೊತ್ತೂ ಜಪಮಾಲೆ ಹಿಡ್ಕೊಂಡು ಕೂರೂದು. ಗಂಟೆ ಬಾರಿಸಿದಾಗ ತಲೆ ತಗ್ಗಿಸೂದು. ಅಷ್ಟೇ."

ಅರವತ್ತರ ದಶಕದಲ್ಲಿ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಈ ಪದ್ಧತಿಯನ್ನು ಬದಲಿಸಿತು. ಪೂಜೆಯನ್ನು ಜನರ ನುಡಿಯಲ್ಲಿ ನಡೆಸಬಹುದು. ಜನ ಪ್ರೇಕ್ಷಕರಾಗಿ ಕೂರದೆ ಅರಿತು ಭಾಗವಹಿಸಬೇಕು. ಪವಿತ್ರ ಗ್ರಂಥದ ಭಂಡಾರವನ್ನು ಅವರಿಗೆ ಇನ್ನಷ್ಟು ಧಾರಾಳವಾಗಿ ತೆರೆದಿಡಬೇಕು. ಅದರಂತೆ ಭಾನುವಾರದ ವಾಚನಗಳನ್ನು ಮೂರು ವರ್ಷಗಳಿಗೆ ಹಂಚಿ ಹೊಸದಾಗಿ ಜೋಡಿಸಲಾಯಿತು. ಎ ವರ್ಷ, ಬಿ ವರ್ಷ, ಸಿ ವರ್ಷ, ಒಂದೊಂದಕ್ಕೂ ಒಂದು ಪುಸ್ತಕ. ಆಮೇಲೆ ಮತ್ತೆ ಎ. ಈ ಮಾತುಗಳನ್ನು ಪಂಡಿತರು ದೊಡ್ಡ ಸಂಪುಟಗಳಲ್ಲಿ ಬರೆದಿದ್ದಾರೆ. ಮೇಲ್ಕೊಪ್ಪಲಿನಲ್ಲಿ ಅದು ನಡೆದ ಬಗೆ ಯಾವ ಸಂಪುಟದಲ್ಲೂ ಇಲ್ಲ.

ಇಲ್ಲಿ ಒಂದು ಶನಿವಾರ ನಾಲ್ಕು ಆಳುಗಳು ಬಂದು, ಹಲಸಿನ ಮರದ ಬಲಿಪೀಠವನ್ನು ಗೋಡೆಯಿಂದ ಮೂರು ಹೆಜ್ಜೆ ಮುಂದಕ್ಕೆ ಎಳೆದರು. ಹಿಂದಿನ ಸಂದಿಯಲ್ಲಿ ಕರಗಿ ಬಿದ್ದ ಮೇಣದ ಉಂಡೆ, ಇಲಿ ಕಡಿದ ಒಂದು ಕಾಲುಚೀಲ, ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ರಾಯಪ್ಪನವರ ಕನ್ನಡಕ ಸಿಕ್ಕವು. "ಮಹಾಸಭೆಯಿಂದ ಅಪ್ಪನಿಗೆ ಆದ ಮೊದಲ ಲಾಭ ಕನ್ನಡಕ" ಎಂದು ಚೌರಮ್ಮ ಈಗಲೂ ಬಿದ್ದು ಬಿದ್ದು ನಗುತ್ತಾರೆ. ಮರುದಿನ ಗುರುಗಳು ಜನರ ಕಡೆ ಮುಖಮಾಡಿ ನಿಂತು, ಕೈ ಚಾಚಿ, "ಪ್ರಭುವು ನಿಮ್ಮೊಡನೆ ಇರಲಿ" ಎಂದರು. ಯಾರೂ ಬಾಯಿ ಬಿಡಲಿಲ್ಲ. ದೇವರ ಹತ್ತಿರ ಕನ್ನಡದಲ್ಲಿ ಮಾತನಾಡಿದರೆ ತಪ್ಪಾದೀತೋ ಎಂಬ ಭಯ. ಎಲ್ಲರ ಕಣ್ಣೂ ರಾಯಪ್ಪನವರ ಮೇಲೆ. ರಾಯಪ್ಪ ತಲೆ ತಗ್ಗಿಸಿ ನಿಂತಿದ್ದರು. ತಮಗೊಬ್ಬರಿಗೇ ಗೊತ್ತಿದ್ದ ಉತ್ತರ ಇನ್ನು ಯಾರಿಗೂ ಬೇಡ ಎಂಬ ಸಂಕಟ ಅವರದು.

ಮೂರು ವಾರ ಅವರು ತುಟಿಯಲ್ಲೇ ಲ್ಯಾಟಿನ್ ಹೇಳಿಕೊಂಡರು. ನಾಲ್ಕನೆಯ ಭಾನುವಾರ ಹೆಂಗಸರ ಸಾಲಿನಿಂದ ಒಂದು ಹೆಣ್ಣು ದನಿ ಆ ಲ್ಯಾಟಿನ್ ಉತ್ತರವನ್ನೇ ಕನ್ನಡದಲ್ಲಿ, "ನಿಮ್ಮ ಆತ್ಮದೊಡನೆಯೂ ಇರಲಿ" ಎಂದು ಗಟ್ಟಿಯಾಗಿ ಹೇಳಿತು. ರಾಯಪ್ಪ ತಿರುಗಿ ನೋಡಿದರು. ಅವರ ಹೆಂಡತಿ. "ಮನೆಗೆ ಬಂದು ಅಪ್ಪ ಅವ್ವನಿಗೆ ಹೇಳಿದ್ರು, ಇಷ್ಟು ವರ್ಷ ಒಂದೇ ದೇವಾಲಯದಲ್ಲಿ ಕೂತ್ರೂ ನಿನ್ನ ದನಿ ಇವತ್ತೇ ಕೇಳಿದ್ದು ಅಂತ. ಅವ್ವ ಹೇಳಿದ್ಲು, ಮನೇಲಿ ದಿನಾ ಕೇಳ್ತೀರಲ್ಲ, ಸಾಕಾಗ್ಲಿಲ್ವಾ?" ಅಂದಿನಿಂದ ರಾಯಪ್ಪ ಕನ್ನಡ ವಾಚನಗಳ ಹೊಸ ಪುಸ್ತಕವನ್ನೇ ಮಗಳಿಗೆ ಪಾಠಪುಸ್ತಕ ಮಾಡಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿ ಯೆಶಾಯನನ್ನೂ ಲೂಕನನ್ನೂ ತಪ್ಪಿಲ್ಲದೆ ಓದುವುದನ್ನು ಕಲಿತದ್ದು ಹೀಗೆ. ತಂದೆ ತೀರಿಕೊಂಡ ಮುಂದಿನ ಭಾನುವಾರ ಓದುಪೀಠದ ಮುಂದೆ ಬೇರೆ ಯಾರೂ ನಿಲ್ಲಲಿಲ್ಲ, ಅವರು ನಿಂತರು. ವಾಚಕರ ಸೇವೆಗೆ ಸ್ತ್ರೀಯರನ್ನೂ ವಿಧಿವತ್ತಾಗಿ ನೇಮಿಸಬಹುದೆಂದು ರೋಮಿನಿಂದ ಆದೇಶ ಬಂದದ್ದು 2021ರಲ್ಲಿ. "ಹೌದಂತೆ, ಫಾದರ್ ಹೇಳಿದ್ರು. ನಾನು ಮೊದ್ಲೇ ಶುರು ಮಾಡಿಬಿಟ್ಟಿದ್ದೆ. ಅವ್ರು ಆಮೇಲೆ ಒಪ್ಪಿದ್ರು."

ಮೂವತ್ತನಾಲ್ಕು ವರ್ಷದಲ್ಲಿ ಚೌರಮ್ಮ ಮಾಡಿದ ದೊಡ್ಡ ತಪ್ಪು ಒಂದೇ. ಇಂದಿನ ಈ ಬೆಳಗಿಗೆ ಕಾರಣವೂ ಅದೇ ತಪ್ಪು.

ಕ್ರೈಸ್ತ ಪೂಜಾವರ್ಷ ಜನವರಿಯಲ್ಲಿ ಶುರುವಾಗುವುದಿಲ್ಲ. ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮೊದಲೇ ಶುರುವಾಗುತ್ತದೆ. ಕಳೆದ ನವೆಂಬರಿನ ಕೊನೆಯ ಭಾನುವಾರ ಸಿ ವರ್ಷ ಮುಗಿದು ಎ ವರ್ಷ ಮೊದಲಾಗಬೇಕಿತ್ತು. ಎ ವರ್ಷದ ಪುಸ್ತಕಕ್ಕೆ ಗೆದ್ದಲು ಹಿಡಿದದ್ದರಿಂದ ಅದು ಆಲ್ದೂರಿನ ಕಲ್ಲೇಶರ ಬೈಂಡಿಂಗ್ ಅಂಗಡಿಯಲ್ಲಿತ್ತು. ಎರಡು ತಿಂಗಳು ಕಣ್ಣಿಗೆ ಬೀಳದ ಪುಸ್ತಕ ಮನಸ್ಸಿನಿಂದಲೂ ಜಾರಿತು. ಹೊಸ ವರ್ಷವೆಂದು ಚೌರಮ್ಮ ಕೈಯಲ್ಲಿದ್ದ ಸಿ ಪುಸ್ತಕವನ್ನೇ ಮತ್ತೆ ಮೊದಲ ಪುಟಕ್ಕೆ ತಿರುವಿ ರಿಬ್ಬನ್ ಇಟ್ಟರು. ಹಲಗೆಯ ಮೇಲೆ ಯೆರೆಮೀಯ 33:14-16, ಲೂಕ 21:25 ಎಂದು ಬರೆದರು. ಅಂದು ಗುರುಗಳ ಭಾನುವಾರವಲ್ಲ. ಅವರೇ ಓದಿದರು. "ಎಚ್ಚರವಾಗಿರಿ" ಎಂದು ಪ್ರಭು ಹೇಳುವ ಭಾಗ. ಅರವತ್ತು ಜನ ಕೇಳಿದರು. ಒಬ್ಬರಿಗೂ ಎಚ್ಚರವಾಗಲಿಲ್ಲ.

ಪ್ರಾರ್ಥನೆ ಮುಗಿದು ಎಲ್ಲರೂ ಹೊರಟ ಮೇಲೆ ಕೊನೆಯ ಬೆಂಚಿನಿಂದ ಒಬ್ಬಳು ಎದ್ದು ಬಂದಳು. ಆ ಬೆಂಚಿಗೂ ಒಂದು ಹಿನ್ನೆಲೆಯಿದೆ. ಕುದುರೆಮುಖದ ಗಣಿ ನಿಂತು ಊರು ಖಾಲಿಯಾದಾಗ ಅಲ್ಲಿಂದ ಹೊರಟ ಕುಟುಂಬವೊಂದು ಈ ದೇವಾಲಯಕ್ಕೆ ಕೊಟ್ಟುಹೋದ ಬೆಂಚು ಅದು. ಈಗ ನಾಲ್ಕು ವರ್ಷದಿಂದ ನವೆಂಬರಿಗೆ ಬಂದು ಮಾರ್ಚಿಗೆ ಮರಳುವ ಜಾರ್ಖಂಡಿನ ಹದಿನಾಲ್ಕು ಮಂದಿ ಅದರಲ್ಲೂ ಅದರ ಹಿಂದಿನ ಚಾಪೆಯಲ್ಲೂ ಕೂರುತ್ತಾರೆ. ನಮ್ಮ ಕಾಫಿ ಸೀಮೆಯ ಅರ್ಧ ಹಣ್ಣು ಇಂಥವರ ಬೆರಳುಗಳಿಂದ ಬುಟ್ಟಿಗೆ ಬೀಳುತ್ತಿದೆ. ಆದರೂ ಅವರು ಯಾವ ರಾಜ್ಯದವರು, ಯಾವ ನುಡಿಯವರು ಎಂದು ಕೇಳುವ ಸೌಜನ್ಯ ನಮಗಿಲ್ಲ. ಗುಮ್ಲಾದಿಂದ ಬಂದರೂ ಸಿಮ್‌ಡೇಗಾದಿಂದ ಬಂದರೂ ಎಲ್ಲರಿಗೂ "ಅಸ್ಸಾಂನವರು" ಎಂಬ ಒಂದೇ ಹಣೆಪಟ್ಟಿ. ಪಕ್ಕದಲ್ಲಿ ಕೂತು ಒಂದೇ ಪ್ರಸಾದ ಸ್ವೀಕರಿಸುವವರ ಹೆಸರು ತಿಳಿಯದೆ ನಾಲ್ಕು ವರ್ಷ ಕಳೆಯುವುದು ಯಾವ ಧರ್ಮದ ಲಕ್ಷಣ?

ಎದ್ದು ಬಂದವಳು ಬಿಬಿಯಾನಾ. ಮೂವತ್ತರ ಆಸುಪಾಸಿನ ಹೆಣ್ಣು. ಅವಳಿಗೆ ಗೊತ್ತಿದ್ದ ಕನ್ನಡ ತೋಟದ ಕನ್ನಡ: ಬಾ, ಹೋಗು, ಹಣ್ಣು, ಚೀಲ, ಊಟ. ಹಲಗೆಯತ್ತ ಬೆರಳು ಮಾಡಿ, "ಅಮ್ಮಾ, ನಂಬರ್ ಬೇರೆ" ಎಂದಳು.

"ಎಂತ ಬೇರೆ ಮಾರಾಯ್ತಿ?"

ಅವಳು ಸೆರಗಿನೊಳಗಿಂದ ಅಂಚು ಸವೆದ ಒಂದು ಹಿಂದಿ ಪೂಜಾ ಪುಸ್ತಕ ತೆಗೆದು ತೆರೆದಳು. ಕನ್ನಡ ಅಕ್ಷರ ಅವಳಿಗೆ ಓದಲು ಬಾರದು, ಹಿಂದಿ ಅಕ್ಷರ ಚೌರಮ್ಮನಿಗೆ ಬಾರದು. ಆದರೆ ಅಂಕಿಗಳು ಇಬ್ಬರಿಗೂ ಒಂದೇ. ಅವಳ ಪುಸ್ತಕದಲ್ಲಿ ಆ ಭಾನುವಾರಕ್ಕೆ 2:1-5, 24:37. ಹಲಗೆಯಲ್ಲಿ 33:14, 21:25. ಚೌರಮ್ಮ ಹಲಗೆ ನೋಡಿದರು, ಪುಸ್ತಕ ನೋಡಿದರು, ಆಮೇಲೆ ಪಕ್ಕದ ಬೆಂಚಿನ ಮೇಲೆ ಕುಸಿದು ಕೂತರು.

"ತಪ್ಪು ಮಾಡಿದ್ದಕ್ಕೆ ನಾಚಿಕೆ ಆಯ್ತು, ಅದು ಬೇರೆ. ಆದ್ರೆ ನಾಲ್ಕು ವರ್ಷದಿಂದ ಅವಳು ಹಿಂದೆ ಕೂತು ನನ್ನ ಹಲಗೆಯ ನಂಬರ್ ನೋಡಿ, ತನ್ನ ಪುಸ್ತಕ ತೆಗೆದು, ತನ್ನಷ್ಟಕ್ಕೆ ಓದ್ಕೊಳ್ತಾ ಇದ್ಲು. ನಾನು ಅಂದ್ಕೊಂಡಿದ್ದೆ, ಪಾಪ, ಎಂತದೂ ತಿಳಿಯದೆ ಕೂತಿದ್ದಾರೆ ಅಂತ. ಅವ್ವಂದಿರೆಲ್ಲ ಜಪಮಾಲೆ ಹಿಡ್ಕೊಂಡು ಕೂತದ್ದು ನೆನಪಾಯ್ತು. ನನ್ನ ಕನ್ನಡ ಅವ್ರಿಗೆ ಅಪ್ಪನ ಲ್ಯಾಟಿನ್ ಆಗಿತ್ತು."

ಮರುದಿನವೇ ಚೌರಮ್ಮ ಬಸ್ಸು ಹತ್ತಿ ಆಲ್ದೂರಿಗೆ ಹೋದರು. ಕಲ್ಲೇಶ್ ಎ ಪುಸ್ತಕಕ್ಕೆ ಕೆಂಪು ಕ್ಯಾಲಿಕೋ ಬಟ್ಟೆ ಹೊದಿಸಿ ಒಣಗಲು ಇಟ್ಟಿದ್ದರು. "ಲಿಂಗ ಕಟ್ಟಿದವ ನಾನು. ಆದ್ರೂ ಈ ಅಮ್ಮನ ಮೂರು ಪುಸ್ತಕದ ಬೆನ್ನು ನನಗೆ ನಮ್ಮನೆ ಬಾಗಿಲಿನಷ್ಟು ಪರಿಚಯ" ಎನ್ನುತ್ತಾರೆ ಕಲ್ಲೇಶ್. "ಅವತ್ತು ಬಂದವರೇ, ಕಲ್ಲೇಶಣ್ಣ, ಅಂಟು ಒಣಗದಿದ್ರೂ ಪರವಾಗಿಲ್ಲ ಕೊಡಿ, ನಾನು ಇಡೀ ಊರಿಗೆ ಒಂದು ವರ್ಷ ಹಿಂದಿನ ದೇವರ ಮಾತು ಓದಿಬಿಟ್ಟೆ ಅಂದ್ರು. ನಾನು ಹೇಳಿದೆ, ದೇವರ ಮಾತು ಹಳತಾಗ್ತದಾ ಅಮ್ಮಾ? ಹಳತಾಗೂದಿಲ್ಲ, ಆದ್ರೆ ನಾನು ತಪ್ಪಿದ್ದು ತಪ್ಪೇ ಅಂದ್ರು."

ತಪ್ಪನ್ನು ಮುಚ್ಚಿಡಬಹುದಿತ್ತು. ಯಾರಿಗೂ ತಿಳಿದಿರಲಿಲ್ಲ, ತಿಳಿದವಳಿಗೆ ಹೇಳಲು ಭಾಷೆಯಿರಲಿಲ್ಲ. ಮುಂದಿನ ಭಾನುವಾರ ಚೌರಮ್ಮ ಓದುಪೀಠದ ಮುಂದೆ ನಿಂತು ತಾವು ಮಾಡಿದ್ದನ್ನು ಎಲ್ಲರೆದುರು ಒಪ್ಪಿಕೊಂಡರು. ತಿದ್ದಿದವಳನ್ನು ಹೆಸರು ಹಿಡಿದು ಕರೆದು ಎದ್ದು ನಿಲ್ಲಿಸಿದರು. ದೊಡ್ಡ ಹುದ್ದೆಗಳಲ್ಲಿರುವ ಎಷ್ಟು ಮಂದಿಗೆ ಈ ಧೈರ್ಯವಿದೆ ಎಂದು ಓದುಗರು ತಮ್ಮ ತಮ್ಮ ಕಚೇರಿಗಳಲ್ಲಿ ಒಮ್ಮೆ ಕಣ್ಣಾಡಿಸಿ ನೋಡಲಿ.

ಅಂದೇ ಅವರು ಸಮಿತಿಯ ಮುಂದೆ ಬೇಡಿಕೆ ಇಟ್ಟರು: ಈ ಜನರಿರುವಷ್ಟು ತಿಂಗಳು ಒಂದು ವಾಚನವಾದರೂ ಅವರ ನುಡಿಯಲ್ಲಿ ಆಗಲಿ. ಸಮಿತಿಯ ಕಾರ್ಯದರ್ಶಿ ಆಲ್ಬನ್ ಎಸ್ಟೇಟಿನ ರೈಟರು. ಹಾಜರಿ ಬರೆದು ಬರೆದು ಮಾತಿನಲ್ಲೂ ಗೆರೆ ಎಳೆಯುವ ಮನುಷ್ಯ. ಅವರು ಒಪ್ಪಲಿಲ್ಲ.

"ಕನ್ನಡದಲ್ಲಿ ಪೂಜೆ ಆಗ್ಲಿಕ್ಕೆ ನಮ್ಮ ಹಿರಿಯರು ಎಷ್ಟು ಕಾದಿದ್ದಾರೆ ಗೊತ್ತುಂಟಲ್ಲ ಚೌರಮ್ಮ? ಈಗ ಹಿಂದಿ ಒಳಗೆ ಬಿಟ್ರೆ ನಾಳೆ ಕನ್ನಡ ಹೊರಗೆ ನಿಲ್ತದೆ."

"ಹಿಂದಿ ಅಲ್ಲ ರೈಟ್ರೇ. ಪುಸ್ತಕ ಹಿಂದಿ. ಮನೇಲಿ ಎಂತ ಮಾತಾಡ್ತಿ ಅಂತ ನಾನು ಕೇಳಿದೆ. ಸಾದ್ರಿ ಅಂದ್ಲು. ಅದೇ ಆಗ್ಲಿ ಅಂದೆ."

"ಎಂತದೋ ಒಂದು. ನಮಗೆ ಅರ್ಥ ಆಗ್ಬೇಕಲ್ಲ?"

"ಅವ್ರು ನಾಲ್ಕು ವರ್ಷ ಅರ್ಥ ಆಗದೆ ಕೂತಿದ್ದಾರೆ. ನಮಗೆ ನಾಲ್ಕು ನಿಮಿಷ ಕೂರ್ಲಿಕ್ಕೆ ಆಗೂದಿಲ್ವಾ?" ಎಂದ ಚೌರಮ್ಮ, ಅಷ್ಟಕ್ಕೇ ಬಿಡಲಿಲ್ಲ. "ಹೋಗ್ಲಿ, ನೀವು ಮನೇಲಿ ಸಂಜೆ ಜಪಮಾಲೆ, ನಿಮ್ಮ ತೇರ್ಸ್, ಹೇಳೂದು ಯಾವ ಭಾಷೇಲಿ?"

"ಕೊಂಕಣಿ. ಅದು... ಅದು ಬೇರೆ."

"ಹೌದಾ? ಸೊಂಟ ಹಿಡ್ಕೊಂಡಾಗ ದೇವರನ್ನ ಕರೆಯೂದು?"

ಸಮಿತಿಯ ಉಳಿದವರು ನಕ್ಕುಬಿಟ್ಟರು. ಆಲ್ಬನ್ನರ ಆತಂಕ ಪೂರ್ತಿ ಆಧಾರವಿಲ್ಲದ್ದೇನೂ ಅಲ್ಲ. ಕನ್ನಡದ ಜಾಗವನ್ನು ಕಾಯುವುದು ಕನ್ನಡಿಗರೆಲ್ಲರ ಕರ್ತವ್ಯ. ಆದರೆ ಸಾವಿರ ಮೈಲಿ ದೂರದಿಂದ ಬಂದ ಬಡವರ ಮನೆಮಾತಿಗೆ ನಾಲ್ಕು ನಿಮಿಷ ಕೊಟ್ಟರೆ ಕರಗಿಹೋಗುವಷ್ಟು ಬಡವಾಗಿಲ್ಲ ಕನ್ನಡ. ಫಾದರ್ ವಲೇರಿಯನ್ ಮೇಲಿನವರ ಅನುಮತಿ ತರುವ ಹೊಣೆ ಹೊತ್ತರು. ಬಿಬಿಯಾನಾಳ ಊರಿನ ಗುರುಗಳಿಂದ ಅಲ್ಲಿ ಬಳಕೆಯಲ್ಲಿರುವ ಸಾದ್ರಿ ಪಠ್ಯವನ್ನೂ ತರಿಸಿದರು. ಕೊನೆಗೆ ಆಲ್ಬನ್ ಒಂದು ಶರತ್ತಿನ ಮೇಲೆ ಸಹಿ ಹಾಕಿದರು: ಮೂರು ರಾಯರ ಹಬ್ಬಕ್ಕೆ ಒಂದು ಸಲ ನೋಡೋಣ. ಓದಿದ ಮೇಲೆ ಸಭೆ ಎಂದಿನಂತೆ ಉತ್ತರ ಕೊಡಬೇಕು. ಕೊಡದಿದ್ದರೆ ಅಲ್ಲಿಗೆ ನಿಲ್ಲಬೇಕು.

"ಮೂಡಣ ದಿಕ್ಕಿನಿಂದ ಬಂದವರ ಹಬ್ಬ ಅದು. ಮೂಡಣದಿಂದ ಬಂದವಳೇ ಓದೂದು ಸರಿಯಾಯ್ತು" ಎಂದರಂತೆ ಚೌರಮ್ಮ.

ಏಳೂವರೆಗೆ ಗಂಟೆ. ಚೌರಮ್ಮ ಹಗ್ಗ ಎಳೆದು ಮೂವತ್ತಮೂರು ಬಾರಿ ಬಾರಿಸುತ್ತಾರೆ, ಎಣಿಕೆ ತಪ್ಪುವುದಿಲ್ಲ. ಬಿಸಿಲು ಕಾಫಿ ಕಣದ ಮೇಲೆ ಬಿದ್ದಿದೆ. ಲೈನ್ ಮನೆಗಳಿಂದ ಜನ ಏರಿ ಬರುತ್ತಾರೆ. ಜಾರ್ಖಂಡಿನ ಹೆಂಗಸರು ಇಂದು ಕೆಂಪಂಚಿನ ಬಿಳಿ ಸೀರೆ ಉಟ್ಟಿದ್ದಾರೆ. ಎಲ್ಲರೂ ಎಂದಿನಂತೆ ನೇರ ಕೊನೆಯ ಬೆಂಚಿಗೆ ಹೋಗುವಾಗ ಚೌರಮ್ಮ ಬಿಬಿಯಾನಾಳ ಮೊಣಕೈ ಹಿಡಿದು ಮುಂದಿನ ಸಾಲಿಗೆ ತಂದು ಕೂರಿಸುತ್ತಾರೆ. "ಇಲ್ಲಿ ಕೂರು. ಹೆದರ್ಬೇಡ."

"ಹೆದರಿಕೆ ಇಲ್ಲ ಅಮ್ಮಾ. ಕಾಲು ಮಾತ್ರ ಇಲ್ಲ" ಎನ್ನುತ್ತಾಳೆ ಬಿಬಿಯಾನಾ. ಕಾಲಲ್ಲಿ ಬಲವಿಲ್ಲವೆಂದು ಹೇಳಹೊರಟದ್ದು ಅವಳು. ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ.

ಪೂಜೆ ಆರಂಭವಾಗುತ್ತದೆ. ಆರಂಭದ ಪ್ರಾರ್ಥನೆ ಮುಗಿದು ಜನ ಕೂರುತ್ತಾರೆ. ಚೌರಮ್ಮ ಓದುಪೀಠಕ್ಕೆ ಹೋಗಿ ಮೊದಲ ವಾಚನವನ್ನು ಕನ್ನಡದಲ್ಲಿ ಓದುತ್ತಾರೆ: ಎದ್ದು ಪ್ರಕಾಶಿಸು, ನಿನ್ನ ಬೆಳಕು ಬಂದಿದೆ; ದೂರದಿಂದ ನಿನ್ನ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬರುತ್ತಿದ್ದಾರೆ ಎಂಬ ಪ್ರವಾದಿಯ ಮಾತು. ಅದೇ ಮಾತು ಈಗ ಸಾದ್ರಿಯಲ್ಲಿ ಬರಲಿದೆ ಎಂದು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. ಬಿಬಿಯಾನಾ ಮೆಟ್ಟಿಲು ಹತ್ತಿ, ಕೈಯಲ್ಲಿ ಬರೆದ ಹಾಳೆಯನ್ನು ಕೆಂಪು ರಿಬ್ಬನ್ನಿನ ಮೇಲೆ ಹರಡಿ, ಓದತೊಡಗುತ್ತಾಳೆ.

ಮೊದಲೆರಡು ಸಾಲು ಮುಂದಿನ ಬೆಂಚಿಗೂ ಕೇಳಿಸುವುದಿಲ್ಲ. ಆಮೇಲೆ ದನಿ ತನ್ನ ದಾರಿ ಹಿಡಿಯುತ್ತದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಮುದುಕ ಕೈ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಾನೆ. ಚಾಪೆಯ ಮೇಲಿದ್ದ ಕೂಸೊಂದು ಪರಿಚಯದ ಮಾತು ಕೇಳಿ ಎದ್ದು ನಿಂತು ಮುಂದಕ್ಕೆ ಇಣುಕುತ್ತದೆ. ಚೌರಮ್ಮ ಬಿಬಿಯಾನಾಳನ್ನು ನೋಡುತ್ತಿಲ್ಲ, ಜನರನ್ನು ನೋಡುತ್ತಿದ್ದಾರೆ. ಓದು ಮುಗಿಯುತ್ತದೆ. ಇದು ಪ್ರಭುವಿನ ವಾಕ್ಯ ಎಂದು ಅವಳು ಸಾದ್ರಿಯಲ್ಲಿ ಹೇಳಿ ತಲೆಯೆತ್ತುತ್ತಾಳೆ.

ಮೌನ.

ಹಿಂದಿನ ಬೆಂಚಿನವರಿಗೆ ಉತ್ತರ ಗೊತ್ತಿದೆ. ಈ ದೇವಾಲಯದಲ್ಲಿ ಬಾಯಿ ತೆರೆದು ಅಭ್ಯಾಸವಿಲ್ಲ. ಮುಂದಿನವರಿಗೆ ಅಭ್ಯಾಸವಿದೆ, ಈಗ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಹಿಂದೊಮ್ಮೆ ರಾಯಪ್ಪ ತಲೆ ತಗ್ಗಿಸಿ ನಿಂತ ಭಾನುವಾರದ ಮೌನವೇ ಇದು. ತಾವೇ ಉತ್ತರ ಹೇಳಲು ಚೌರಮ್ಮ ಒಂದು ಹೆಜ್ಜೆ ಮುಂದಿಡುತ್ತಾರೆ.

"ದೆವಾಕ್ ಅರ್ಗಾಂ."

ಗಂಡಸರ ಕಡೆಯಿಂದ ಬಂದ ದಪ್ಪ ದನಿ. ರೈಟರ್ ಆಲ್ಬನ್ನರದ್ದು. ಕೊಂಕಣಿಯಲ್ಲಿ! ಹೇಳಿದ ಮೇಲೆ ಅವರಿಗೇ ಗಾಬರಿಯಾಗಿ, ಯಾರೋ ತಮ್ಮ ಬಾಯಿಂದ ಹೇಳಿಸಿದಂತೆ ಸುತ್ತ ನೋಡುತ್ತಾರೆ. ಅದರ ಬೆನ್ನಿಗೇ ಹೆಂಗಸರ ಸಾಲಿನಿಂದ ಕನ್ನಡದಲ್ಲಿ "ದೇವರಿಗೆ ಕೃತಜ್ಞತೆ ಸಲ್ಲಲಿ" ಕೇಳಿಬರುತ್ತದೆ. ತಮಿಳುನಾಡಿನಿಂದ ಮೂರು ತಲೆಮಾರಿನ ಹಿಂದೆ ಬಂದ ಮನೆಯ ಅಜ್ಜಿಯೊಬ್ಬರು "ಇರೈವಾ ಉಮಕ್ಕು ನನ್ರಿ" ಎನ್ನುತ್ತಾರೆ. ಕೊನೆಗೆ ಹಿಂದಿನ ಬೆಂಚಿನಿಂದ, ಉಳಿದ ಹದಿಮೂರು ಬಾಯಿಗಳಿಂದ ಒಟ್ಟಿಗೆ, ಸಾದ್ರಿ. ಮಾಡು ಹಾರಿಹೋಗುವಷ್ಟು ಗಟ್ಟಿ. ಮಾಡಿನ ಬಾವಲಿಗಳು ನಿಜವಾಗಿಯೂ ಎದ್ದು ಎರಡು ಸುತ್ತು ಹಾರುತ್ತವೆ. ಫಾದರ್ ವಲೇರಿಯನ್ ನಗು ತಡೆಯಲಾರದೆ ಕೈಯಲ್ಲಿದ್ದ ಹಾಳೆಯನ್ನು ಮುಖಕ್ಕೆ ಹಿಡಿಯುತ್ತಾರೆ.

ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಕರಿ ಕಾಫಿ, ಅಕ್ಕಿ ರೊಟ್ಟಿ. ಆಲ್ಬನ್ ಲೋಟ ಹಿಡಿದು ಚೌರಮ್ಮನ ಬಳಿ ಬರುತ್ತಾರೆ.

"ಉತ್ತರ ಬಂತಲ್ಲ ರೈಟ್ರೇ? ಮುಂದಿನ ವಾರಕ್ಕೆ ಎಂತ ಬರ್ಕೊಳ್ತೀರಿ?"

"ಬರ್ಕೊಳ್ಳೂದೆಂತ, ಮೊದ್ಲು ಉತ್ತರ ಕೊಟ್ಟವ ನಾನೇ ಅಲ್ವಾ" ಎನ್ನುತ್ತಾರೆ ಆಲ್ಬನ್, ಲೋಟದೊಳಗೆ ನೋಡುತ್ತ. "ಆದ್ರೆ ಅವ್ರು ಹೇಳೂದು ಎಂತ ಅಂತ ನಮಗೂ ಗೊತ್ತಾಗ್ಬೇಕು. ಬಾಯಿಗೆ ಬಂದ ಭಾಷೇಲಿ ಹೇಳಿದ್ರೆ ಅದೆಂತ ಸಭೆ?"

ಆ ಮಾತನ್ನು ಚೌರಮ್ಮ ಆಗಲೇ ಯೋಚಿಸಿಯಾಗಿದೆ. ಎಲ್ಲರೂ ಹೋದ ಮೇಲೆ ಅವರು ದೇವಾಲಯದ ಮೆಟ್ಟಿಲ ಮೇಲೆ ಕೂತು ಟ್ರಂಕಿನಿಂದ ಕೈಚೀಲಕ್ಕೆ ಹಾಕಿ ತಂದಿದ್ದ ತಂದೆಯ ನೋಟ್‌ಬುಕ್ಕು ತೆಗೆಯುತ್ತಾರೆ. ರಾಯಪ್ಪನವರ ಲ್ಯಾಟಿನ್ ಅರ್ಧ ಪುಸ್ತಕಕ್ಕೆ ಮುಗಿದಿದೆ, ಉಳಿದದ್ದು ಖಾಲಿ. ಚೌರಮ್ಮ ಮೊದಲ ಖಾಲಿ ಪುಟ ತೆರೆದು ಪೆನ್ನು ಹಿಡಿಯುತ್ತಾರೆ. ಪಕ್ಕದಲ್ಲಿ ಬಿಬಿಯಾನಾ ಒಂದೊಂದೇ ಮಾತು ಹೇಳುತ್ತಾಳೆ. ಚೌರಮ್ಮ ಕನ್ನಡ ಅಕ್ಷರದಲ್ಲಿ ಬರೆಯುವ ಮೊದಲು ಪ್ರತಿ ಮಾತಿಗೂ ತಡೆದು ನಿಲ್ಲಿಸುತ್ತಾರೆ. ಬಿಬಿಯಾನಾ ಕೈ ಆಡಿಸಿ, ಆಕಾಶ ತೋರಿಸಿ, ಎದೆ ಮುಟ್ಟಿ, ತೋಟದ ಕನ್ನಡವನ್ನೆಲ್ಲ ಖರ್ಚು ಮಾಡಿ ವಿವರಿಸುತ್ತಾಳೆ.

"ಅಪ್ಪ ಬರೆದದ್ದರ ಅರ್ಥ ಅಪ್ಪನಿಗೆ ಕಡೆಯವರೆಗೂ ತಿಳೀಲಿಲ್ಲ" ಎಂದು ಚೌರಮ್ಮ ತಲೆಯೆತ್ತದೆ ಹೇಳುತ್ತಾರೆ. "ನಾನು ಕೇಳದೆ ಒಂದಕ್ಷರ ಬರೆಯೂದಿಲ್ಲ."

ಮಾರ್ಚಿಗೆ ಹಣ್ಣು ಮುಗಿಯುತ್ತದೆ; ಬಿಬಿಯಾನಾ ಊರಿಗೆ ಹೋಗುತ್ತಾಳೆ. ಅಷ್ಟರೊಳಗೆ ಹತ್ತು ಉತ್ತರಗಳನ್ನು ಬರೆದುಕೊಂಡು ಮುಂದಿನ ಬೆಂಚಿನವರಿಗೆ ಕಲಿಸಬೇಕೆಂಬುದು ಅವರ ಲೆಕ್ಕ. ತಮಗಾಗಿ ಅವರು ಬಯಸುವುದೇನು? ಸಂಚಿಕೆಯಲ್ಲಿ ಹೆಸರೇ, ಶಾಲುಹಾರವೇ, ಸನ್ಮಾನವೇ? ಚೌರಮ್ಮ ಪೆನ್ನಿನ ಕ್ಯಾಪು ಹಾಕಿ, ಒಳಗಿನ ಕಪಾಟಿನತ್ತ ನೋಡುತ್ತಾರೆ.

"ಬರುವ ನವೆಂಬರಿಗೆ ಬಿ ಪುಸ್ತಕ ತೆಗೀಬೇಕು. ಅಷ್ಟರಲ್ಲಿ ಇವಳು ವಾಪಸ್ ಬಂದ್ರೆ ಸಾಕು. ವಯಸ್ಸಾಯ್ತು, ಮತ್ತೆ ಮರೆತ್ರೂ ಮರೆತೆ" ಎಂದು ಬಿಬಿಯಾನಾಳ ಬೆನ್ನಿಗೆ ಒಂದು ಮೆಲ್ಲನೆ ಗುದ್ದು ಕೊಡುತ್ತಾರೆ. "ಆದ್ರೆ ಈಗ ತಪ್ಪು ಓದ್ಲಿಕ್ಕೆ ನನ್ನನ್ನ ಇವ್ರು ಬಿಡೂದಿಲ್ಲ. ನನ್ನ ದೇವಾಲಯದಲ್ಲಿ ಹಿಂದಿನ ಬೆಂಚಿನವರಿಗೂ ಎಚ್ಚರ ಉಂಟು."